ಪಿಕಪ್ ಟ್ಯಾಂಕಿಗೆ ಇಳಿದ ಕೆಂಪು ಡೀಸೆಲ್: ಟೆಕ್ಸಾಸ್‌ನ ಒಂದು ಜಮೀನಿನ ಪ್ರಕರಣ ಅಧ್ಯಯನ

ಅಮೆರಿಕದಲ್ಲಿ ಟ್ರ್ಯಾಕ್ಟರ್, ಕಟಾವು ಯಂತ್ರ, ನೀರಾವರಿ ಪಂಪಿನ ಎಂಜಿನ್ ಇವಕ್ಕೆಲ್ಲ ಮಾರುವ ಡೀಸೆಲ್‌ಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಅದರ ಮೇಲೆ ಹೆದ್ದಾರಿ ತೆರಿಗೆ ಇಲ್ಲ. ರಸ್ತೆ ವಾಹನಕ್ಕೆ ಹಾಕುವ ಡೀಸೆಲ್ ಬಣ್ಣವಿಲ್ಲದ್ದು, ತೆರಿಗೆ ಕಟ್ಟಿ ಬಂದದ್ದು. ಅದನ್ನು ಇಲ್ಲಿ ಬಿಳಿ ಡೀಸೆಲ್ ಎನ್ನೋಣ. ನಮ್ಮ ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ನೋಡಿದವರಿಗೆ ಈ ಉಪಾಯ ಹೊಸದಲ್ಲ. ಅಗ್ಗದ ಇಂಧನ ಬೇರೆ ಕಡೆ ಹೋದರೆ ಬಣ್ಣವೇ ಚಾಡಿ ಹೇಳುತ್ತದೆ.

ಕೆಳಗಿನ ಜಮೀನು ನಿರ್ದಿಷ್ಟವಾಗಿ ಯಾರದ್ದೂ ಅಲ್ಲ. ಲೆಕ್ಕ ತೋರಿಸಲು ಕಟ್ಟಿಕೊಂಡ ಮಾದರಿ ಅದು. ತೆರಿಗೆ ದರ, ದಂಡ, ನಿಯಮ ಮಾತ್ರ ಅಲ್ಲಿನ ಕಾನೂನಿನಲ್ಲಿ ಇರುವಂತೆಯೇ ಇವೆ.

ಜಮೀನು ಮತ್ತು ಟ್ಯಾಂಕುಗಳು

ಟೆಕ್ಸಾಸ್ ರಾಜ್ಯದ ಉತ್ತರ ಮೂಲೆ, ಪ್ಯಾನ್‌ಹ್ಯಾಂಡಲ್ ಪ್ರದೇಶ. ಗೋಧಿ ಮತ್ತು ಹತ್ತಿ ಬೆಳೆ. ಎರಡು ಟ್ರ್ಯಾಕ್ಟರ್, ಒಂದು ಕಂಬೈನ್ ಎಂಬ ಕಟಾವು ಯಂತ್ರ, ಒಂದು ಡೀಸೆಲ್ ಪಂಪು, ಎರಡು ಡೀಸೆಲ್ ಪಿಕಪ್, ಕಾಳು ಸಾಗಿಸಲು ಒಂದು ದೊಡ್ಡ ಟ್ರಕ್ಕು. ಅಂಗಳದಲ್ಲಿ 1,000 ಗ್ಯಾಲನ್‌ನ ಕೆಂಪು ಡೀಸೆಲ್ ಟ್ಯಾಂಕು, ಪಕ್ಕದಲ್ಲೇ 300 ಗ್ಯಾಲನ್‌ನ ಬಿಳಿ ಡೀಸೆಲ್ ಟ್ಯಾಂಕು. ಒಂದು ಗ್ಯಾಲನ್ ಎಂದರೆ ಸುಮಾರು 3.785 ಲೀಟರ್.

ಉಳಿತಾಯ ಎಷ್ಟು? ಡೀಸೆಲ್ ಮೇಲಿನ ಕೇಂದ್ರ ತೆರಿಗೆ ಗ್ಯಾಲನ್‌ಗೆ 24.4 ಸೆಂಟ್. ಅದರಲ್ಲಿ 0.1 ಸೆಂಟ್ ನೆಲದಡಿ ಟ್ಯಾಂಕುಗಳ ಸೋರಿಕೆ ನಿಧಿಗೆ ಹೋಗುತ್ತದೆ. ಕೆಂಪು ಡೀಸೆಲ್ ಆದರೂ ಆ 0.1 ಸೆಂಟ್ ತಪ್ಪುವುದಿಲ್ಲ, ಹಾಗಾಗಿ ಉಳಿಯುವುದು 24.3 ಸೆಂಟ್. ಟೆಕ್ಸಾಸ್ ರಾಜ್ಯದ ತೆರಿಗೆ 20 ಸೆಂಟ್. ಒಟ್ಟು 44.3 ಸೆಂಟ್. ಈ ಜಮೀನು ವರ್ಷಕ್ಕೆ 12,000 ಗ್ಯಾಲನ್ ಕೆಂಪು ಡೀಸೆಲ್ ಸುಡುತ್ತದೆ ಎಂದಿಟ್ಟುಕೊಂಡರೆ 5,316 ಡಾಲರ್ ಉಳಿತಾಯ. ಇದು ನ್ಯಾಯವಾಗಿಯೇ ರೈತನಿಗೆ ಸಲ್ಲಬೇಕಾದದ್ದು. ಟ್ರ್ಯಾಕ್ಟರು ಹೆದ್ದಾರಿ ಸವೆಸುವುದಿಲ್ಲ, ಹೆದ್ದಾರಿ ನಿಧಿಗೆ ದುಡ್ಡು ಕಟ್ಟಬೇಕಿಲ್ಲ.

ನಡೆದದ್ದು

ಜೂನ್, ಗೋಧಿ ಕಟಾವಿನ ಹೊತ್ತು. ಬಿಳಿ ಟ್ಯಾಂಕು ಬರಿದಾಗಿದೆ, ಸರಬರಾಜಿನವನು ಎರಡು ದಿನ ಬಿಟ್ಟು ಬರುತ್ತೇನೆ ಎಂದಿದ್ದಾನೆ. ಕೆಲಸದವನು ಮೊದಲ ಪಿಕಪ್ಪಿಗೆ ಕೆಂಪು ಟ್ಯಾಂಕಿನಿಂದ 20 ಗ್ಯಾಲನ್ ತುಂಬಿಸಿದ. 26 ಗ್ಯಾಲನ್ ಹಿಡಿಯುವ ಟ್ಯಾಂಕಿನಲ್ಲಿ ಮೊದಲೇ 6 ಗ್ಯಾಲನ್ ಬಿಳಿ ಡೀಸೆಲ್ ಇತ್ತು. ಮುಂದಿನ ದಿನಗಳಲ್ಲಿ ಊರಿನ ಬಂಕಿನಲ್ಲಿ ಎರಡು ಬಾರಿ ಬಿಳಿ ಡೀಸೆಲ್ ಹಾಕಿಸಿದ. ಆಮೇಲೆ ಕಾಳಿನ ಗೋದಾಮಿನ ದಾರಿಯಲ್ಲಿ ತಪಾಸಣೆ. ಟ್ಯಾಂಕಿನೊಳಗೆ ಸಣ್ಣ ಕೊಳವೆ ಬಿಟ್ಟು ಮಾದರಿ ತೆಗೆದರು, ಗಾಜಿನ ಸೀಸೆ ಬೆಳಕಿಗೆ ಹಿಡಿದರು. ತೀರಾ ಮಸುಕು ಗುಲಾಬಿ. ಸೀಸೆ ಮೊಹರಾಗಿ ಪ್ರಯೋಗಾಲಯಕ್ಕೆ ಹೋಯಿತು.

ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಇಂಧನ ಪರೀಕ್ಷೆಗೆಂದೇ ಅಧಿಕಾರಿಗಳಿದ್ದಾರೆ. ಡೀಸೆಲ್ ಸಂಗ್ರಹಿಸಿದ ಜಾಗಕ್ಕೆ ಹೋಗಲು, ವಾಹನ ನಿಲ್ಲಿಸಿ ಮಾದರಿ ತೆಗೆಯಲು, ಖಾತೆ ಪುಸ್ತಕ ನೋಡಲು ಅವರಿಗೆ ಕಾನೂನಿನ ಅಧಿಕಾರ ಇದೆ. ಬೇಡ ಎಂದರೆ ಆ ನಿರಾಕರಣೆಗೇ 1,000 ಡಾಲರ್ ದಂಡ. ಟ್ಯಾಂಕಿನಲ್ಲಿ ಏನಿತ್ತು ಎಂಬುದು ಬೇರೆ ಲೆಕ್ಕ.

ಎರಡು ಬಾರಿ ಬಿಳಿ ಡೀಸೆಲ್ ತುಂಬಿಸಿದ ಮೇಲೂ ಬಣ್ಣ ಹೇಗೆ ಉಳಿಯಿತು? ನಿಯಮದ ಪ್ರಕಾರ ಸಾವಿರ ಬ್ಯಾರೆಲ್‌ಗೆ ಕನಿಷ್ಠ 3.9 ಪೌಂಡ್ ಮಾನಕ ಬಣ್ಣಕ್ಕೆ ಸಮನಾದಷ್ಟು ಬಣ್ಣ ಇರಬೇಕು. ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 11.1 ಮಿಲಿಗ್ರಾಂ. ಬಳಸುವ ಬಣ್ಣ ಸಾಲ್ವೆಂಟ್ ರೆಡ್ 164, ಡೀಸೆಲ್‌ನಲ್ಲಿ ಸಂಪೂರ್ಣ ಕರಗುವಂಥದ್ದು. 20 ಗ್ಯಾಲನ್ ಕೆಂಪು, 6 ಗ್ಯಾಲನ್ ಬಿಳಿ ಸೇರಿದಾಗ ಲೀಟರಿಗೆ 8.5 ಮಿಲಿಗ್ರಾಂ. ಟ್ಯಾಂಕು 6 ಗ್ಯಾಲನ್‌ಗೆ ಇಳಿದಾಗ 20 ಗ್ಯಾಲನ್ ಬಿಳಿ ತುಂಬಿಸಿದರೆ 2.0. ಇನ್ನೊಮ್ಮೆ ತುಂಬಿಸಿದರೆ 0.45. ಮತ್ತೊಮ್ಮೆ ತುಂಬಿಸಿದರೂ 0.1 ಉಳಿಯುತ್ತದೆ. ಪ್ರತಿ ಸಲವೂ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ಸಾಲದ್ದಕ್ಕೆ ಡೀಸೆಲ್ ಎಂಜಿನ್ನಿನಲ್ಲಿ ಸುಡದೆ ಉಳಿದ ಇಂಧನ ವಾಪಸು ಪೈಪಿನಲ್ಲಿ ಟ್ಯಾಂಕಿಗೇ ಬರುತ್ತದೆ. ನೀರು ಬೇರ್ಪಡಿಸುವ ಬಟ್ಟಲಿನಲ್ಲೂ ಫಿಲ್ಟರಿನಲ್ಲೂ ಹಳೆಯದು ನಿಂತಿರುತ್ತದೆ. ಕಣ್ಣಿಗೆ ಕಾಣದ ಮಟ್ಟವನ್ನೂ ಪ್ರಯೋಗಾಲಯದ ಉಪಕರಣ ಹಿಡಿಯುತ್ತದೆ.

ದಂಡದ ಲೆಕ್ಕ

ಕೇಂದ್ರ ತೆರಿಗೆ ಸಂಹಿತೆಯ 6715ನೇ ಸೆಕ್ಷನ್ ಪ್ರಕಾರ 1,000 ಡಾಲರ್, ಅಥವಾ ಪ್ರಕರಣದಲ್ಲಿರುವ ಬಣ್ಣದ ಇಂಧನದ ಪ್ರತಿ ಗ್ಯಾಲನ್‌ಗೆ 10 ಡಾಲರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಅಂದರೆ 100 ಗ್ಯಾಲನ್‌ವರೆಗೆ ಎಷ್ಟಿದ್ದರೂ ದಂಡ 1,000. ಮೊದಲ ಪಿಕಪ್ಪಿನ 20 ಗ್ಯಾಲನ್‌ಗೆ ಉಳಿಸಿದ್ದು 8 ಡಾಲರ್ 86 ಸೆಂಟ್, ತೆತ್ತದ್ದು 1,000. ತಪ್ಪಿಸಿದ ತೆರಿಗೆಯನ್ನು ಕಟ್ಟುವುದು ಇದರ ಮೇಲೆ. ರಾಜ್ಯಕ್ಕೆ ತನ್ನದೇ ಕಾನೂನು, ತನ್ನದೇ ದಂಡ. ಒಂದು ಕಟ್ಟಿದರೆ ಇನ್ನೊಂದು ಮಾಫಿ ಆಗುವುದಿಲ್ಲ.

ಇದೇ ತಪ್ಪು ದೊಡ್ಡ ಟ್ರಕ್ಕಿನಲ್ಲಿ ಆಗಿದ್ದರೆ? ಎರಡು ಬದಿಗೆ 150 ಗ್ಯಾಲನ್‌ನ ಒಂದೊಂದು ಟ್ಯಾಂಕು, ಎರಡೂ ತುಂಬ ಕೆಂಪು ಎಂದರೆ 3,000 ಡಾಲರ್. ಹಳೆಯ ದಂಡ ಖಾತೆಯಲ್ಲಿದ್ದರೆ ಸಾವಿರದ ತಳಮಟ್ಟವೇ ಏರುತ್ತದೆ: ಎರಡನೆಯದಕ್ಕೆ 2,000, ಮೂರನೆಯದಕ್ಕೆ 3,000. ಮೂರನೆಯದರಿಂದಾಚೆಗೆ ಇಲಾಖೆಯೊಳಗಿನ ಮೇಲ್ಮನವಿಯ ಬಾಗಿಲೂ ಬಹುಮಟ್ಟಿಗೆ ಮುಚ್ಚುತ್ತದೆ. 2004ರ ತಿದ್ದುಪಡಿ ಈ ಬಿಗಿ ತಂದಿತು. ಡಿಪೋಗಳಲ್ಲಿ ಕೈಯಿಂದ ಬಣ್ಣ ಸುರಿಯುವ ಪದ್ಧತಿಗೆ ಅಂತ್ಯ ಹಾಡಿ ಯಂತ್ರದಿಂದಲೇ ಬೆರೆಸಬೇಕು ಎಂದದ್ದೂ ಅದೇ ಕಾನೂನು.

ಮಾಲೀಕರ ನಾಲ್ಕು ವಾದ

ಇಂಥ ಪ್ರಕರಣಗಳಲ್ಲಿ ಹೇಳುವ ಮಾತುಗಳು ಹೆಚ್ಚುಕಡಿಮೆ ಇವೇ, ಮತ್ತು ನಿಲ್ಲದಿರುವುದೂ ಇವೇ.

"ಕೆಲಸದವನು ತಿಳಿಯದೆ ಹಾಕಿದ." ಬಣ್ಣದ ಇಂಧನ ಎಂದು ಗೊತ್ತಿತ್ತು, ಅಥವಾ ಗೊತ್ತಾಗಲು ಕಾರಣ ಇತ್ತು ಎಂದಷ್ಟೇ ಕಾನೂನು ಕೇಳುತ್ತದೆ. ಡೀಸೆಲ್ ತಂದ ಬಿಲ್ಲಿನಲ್ಲಿ ಬಣ್ಣ ಹಾಕಿದ್ದು ಎಂದು ಅಚ್ಚಾಗಿದೆ, ಟ್ಯಾಂಕಿನ ಮೇಲೆ ಬರೆದಿದೆ, ಸುರಿಯುವಾಗ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಜಮೀನು ಕಂಪನಿಯ ಹೆಸರಿನಲ್ಲಿದ್ದರೆ ಬೇಕೆಂದೇ ಭಾಗಿಯಾದ ಅಧಿಕಾರಿ, ನೌಕರ, ಏಜೆಂಟ್ ಕೂಡ ಕಂಪನಿಯ ಜೊತೆಗೆ ಹೊಣೆಗಾರರಾಗುತ್ತಾರೆ.

"ನಮ್ಮದು ಫಾರ್ಮ್ ನಂಬರ್ ಪ್ಲೇಟ್." ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಫಾರ್ಮ್ ಪ್ಲೇಟ್ ಎಂದರೆ ಕೃಷಿ ವಾಹನಕ್ಕೆ ನೋಂದಣಿ ಶುಲ್ಕದಲ್ಲಿ ರಿಯಾಯಿತಿ. ನೋಂದಣಿ ಆಗಿದೆ ಎಂಬುದಕ್ಕೆ ಅದೇ ಸಾಕ್ಷಿ! ರಸ್ತೆಗೆ ನೋಂದಣಿಯಾದ, ಅಥವಾ ಆಗಬೇಕಾದ ವಾಹನಕ್ಕೆ ಕೆಂಪು ಡೀಸೆಲ್ ಇಲ್ಲ. ಟ್ರ್ಯಾಕ್ಟರು ಮಾತ್ರ ಒಂದು ಹೊಲದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋದರೂ ಕೇಂದ್ರ ನಿಯಮಕ್ಕೆ ಅಡ್ಡಿಯಿಲ್ಲ, ಏಕೆಂದರೆ ಹೆದ್ದಾರಿಯಲ್ಲಿ ಹೊರೆ ಸಾಗಿಸಲೆಂದು ಅದನ್ನು ಮಾಡಿಲ್ಲ.

"ಪಿಕಪ್ ಓಡುವುದೆಲ್ಲ ಹೊಲದೊಳಗೆ, ರಸ್ತೆ ಮುಟ್ಟುವುದು ಅಪರೂಪ." ಆ ಅಪರೂಪಕ್ಕೂ ಟ್ಯಾಂಕು ಒಂದೇ. ರಸ್ತೆಗೆ ಬಂದ ಕ್ಷಣ ಟ್ಯಾಂಕಿನಲ್ಲಿ ಏನಿದೆ ಎಂಬುದೇ ಪ್ರಶ್ನೆ, ನಿನ್ನೆ ಎಲ್ಲಿ ಓಡಿತು ಎಂಬುದಲ್ಲ. ಟ್ಯಾಂಕನ್ನು ನೋಡುವ ಕಾನೂನನ್ನು ಕೆಲಸ ನೋಡುವ ಕಾನೂನು ಎಂದು ತಿಳಿದದ್ದೇ ಈ ಪ್ರಕರಣದ ಬುಡ.

"ವ್ಯತ್ಯಾಸದ ತೆರಿಗೆ ಈಗಲೇ ಕಟ್ಟುತ್ತೇವೆ." ಕಟ್ಟಲೇಬೇಕು, ಆದರೆ ದಂಡಕ್ಕೆ ಬದಲಾಗಿ ಅಲ್ಲ.

ಇನ್ನೊಂದು ಅಡ್ಡದಾರಿ ಬಾಯಿಂದ ಬಾಯಿಗೆ ಹರಿದಾಡುತ್ತದೆ: ಆಮ್ಲವನ್ನೋ ಒಂದು ಬಗೆಯ ಮಣ್ಣನ್ನೋ ಬಳಸಿ ಬಣ್ಣ ತೆಗೆಯುವುದು. ಬೇಕೆಂದು ಬಣ್ಣ ತೆಗೆಯುವುದು, ತೆಳು ಮಾಡುವುದು ಅದೇ ಸೆಕ್ಷನ್ನಿನಲ್ಲಿ ಪ್ರತ್ಯೇಕ ಅಪರಾಧ. ಇಂಜೆಕ್ಟರ್ ಹಾಳಾಗುವುದು ಬೋನಸ್ಸು.

ಎರಡನೆಯ ಪಿಕಪ್ಪು: ಹಿಂದಿನ ಡಬ್ಬದ ಟ್ಯಾಂಕು

ತಪಾಸಣೆಯ ನಂತರ ಅಧಿಕಾರಿಗಳು ಜಮೀನಿಗೆ ಬಂದರೆ ಮೊದಲು ಕಣ್ಣು ಹೋಗುವುದು ಎರಡನೆಯ ಪಿಕಪ್ಪಿನ ಮೇಲೆ. ಹಿಂಬದಿಯಲ್ಲಿ 100 ಗ್ಯಾಲನ್‌ನ ಟ್ಯಾಂಕು, ಹೊಲದಲ್ಲಿರುವ ಕಂಬೈನ್‌ಗೆ ಕೆಂಪು ಡೀಸೆಲ್ ಒಯ್ಯಲು. ಒಯ್ಯುವುದು ತಪ್ಪಲ್ಲ. ಅದು ಸರಕು, ವಾಹನದ ಇಂಧನವಲ್ಲ. ಆದರೆ ಈ ಪಿಕಪ್ಪಿನಲ್ಲಿ ಆ ಟ್ಯಾಂಕಿನ ತಳದಿಂದ ವಾಲ್ವ್ ಇರುವ ಒಂದು ಪೈಪು ಮುಖ್ಯ ಟ್ಯಾಂಕಿನ ತುಂಬುವ ಕೊಳವೆಗೆ ಇಳಿದಿದೆ. ವಾಲ್ವ್ ತೆರೆದರೆ ಡೀಸೆಲ್ ತಾನಾಗಿ ಹರಿಯುತ್ತದೆ. ದೂರ ಓಡಿಸುವವರು ಬಿಳಿ ಡೀಸೆಲ್ ತುಂಬಿ ಇಂಥ ಜೋಡಣೆ ಇಟ್ಟುಕೊಳ್ಳುವುದುಂಟು. ಇಲ್ಲಿ ಅದನ್ನು ಹಾಕಿಸಿದ್ದು ಹಿಂದಿನ ಮಾಲೀಕ.

ಹಿಂದಿನ ಟ್ಯಾಂಕಿನಲ್ಲಿ 90 ಗ್ಯಾಲನ್ ಕೆಂಪು, ಮುಖ್ಯ ಟ್ಯಾಂಕಿನಲ್ಲಿ 22 ಗ್ಯಾಲನ್ ಕೆಂಪು ಸಿಕ್ಕಿತು ಎನ್ನಿ. ಪೈಪಿನಿಂದ ಜೋಡಿಸಿದ್ದರಿಂದ ಎರಡನ್ನೂ ವಾಹನದ ಇಂಧನ ವ್ಯವಸ್ಥೆ ಎಂದೇ ನೋಡುವ ಸಂಭವ ಹೆಚ್ಚು: 112 ಗ್ಯಾಲನ್, 1,120 ಡಾಲರ್. ಮೊದಲ ಪಿಕಪ್ಪಿನ ದಂಡ ಆಗಲೇ ವಿಧಿಸಿಯಾಗಿದ್ದರೆ ತಳಮಟ್ಟ 2,000 ಆಗುತ್ತದೆ, ಅದೇ ಹೆಚ್ಚು, ಅದೇ ಬೀಳುತ್ತದೆ.

ಪರಿಹಾರಕ್ಕೆ ಖರ್ಚು ಅತ್ಯಲ್ಪ. ಪೈಪನ್ನು ಪೂರ್ತಿ ಕಿತ್ತು ಎರಡೂ ಬದಿ ಲೋಹದ ಮುಚ್ಚಳ ತಿರುಗಿಸಿ ಬಿಗಿಯಬೇಕು. ವಾಲ್ವ್ ಮುಚ್ಚಿ ಹಿಡಿ ತೆಗೆದಿಟ್ಟರೆ ಸಾಲದು. ಹಿಂದಿನ ಟ್ಯಾಂಕಿನ 12 ವೋಲ್ಟ್ ಪಂಪಿನ ನಳಿಕೆ ಮುಖ್ಯ ಟ್ಯಾಂಕಿನ ಬಾಯಿಗೆ ಸುಲಭವಾಗಿ ಎಟುಕುತ್ತದೆಯಾದ್ದರಿಂದ ಪಂಪಿಗೊಂದು ಬೀಗ ಬೇಕು, ಕೀಲಿಕೈ ಕಂಬೈನ್ ಓಡಿಸುವವನ ಬಳಿ ಇರಲಿ.

ಟ್ಯಾಂಕು ತೊಳೆಯುವುದು

ತಪ್ಪಿ ಕೆಂಪು ಬಿತ್ತು ಎಂದು ಅಂಗಳದಲ್ಲೇ ಗೊತ್ತಾದರೆ ವಾಹನ ರಸ್ತೆಗೆ ಇಳಿಯುವ ಮೊದಲು ಬರಿದು ಮಾಡಬೇಕು. ಓಡಿಸಿ ಖಾಲಿ ಮಾಡುತ್ತೇನೆ ಎನ್ನುವುದು ದಂಡವನ್ನು ಹೊತ್ತು ತಿರುಗಿದಂತೆ. ಬಿಳಿ ಡೀಸೆಲ್ ಸೇರಿಸಿ ತೆಳು ಮಾಡುವುದೂ ಉಪಯೋಗಕ್ಕಿಲ್ಲ, ಮೇಲಿನ ಲೆಕ್ಕವೇ ಹೇಳುತ್ತದೆ.

ಟ್ಯಾಂಕಿನ ತಳದ ತಿರುಪು ಇದ್ದರೆ ಅದರಿಂದ, ಇಲ್ಲದಿದ್ದರೆ ಫಿಲ್ಟರಿಗೆ ಬರುವ ಪೈಪು ಬಿಚ್ಚಿ ವಾಹನದ್ದೇ ಸಣ್ಣ ಪಂಪು ಓಡಿಸಿ ಖಾಲಿ ಮಾಡಬೇಕು. ಎಷ್ಟೇ ಮಾಡಿದರೂ ತಳದಲ್ಲಿ ಅರ್ಧ ಗ್ಯಾಲನ್ ನಿಲ್ಲುತ್ತದೆ ಎಂದು ಹಿಡಿಯಿರಿ. 5 ಗ್ಯಾಲನ್ ಬಿಳಿ ಹಾಕಿ, ವಾಪಸು ಪೈಪೂ ತೊಳೆಯಲು ಎಂಜಿನ್ ಹದಿನೈದು ನಿಮಿಷ ಓಡಿಸಿ, ಮತ್ತೆ ಖಾಲಿ ಮಾಡಿದರೆ 8.5 ಮಿಲಿಗ್ರಾಂ 0.8ಕ್ಕೆ ಇಳಿಯುತ್ತದೆ. ಇನ್ನೊಮ್ಮೆ 5 ಗ್ಯಾಲನ್, ಅದೇ ಕ್ರಮ: 0.07. ಈಗ ಫಿಲ್ಟರ್ ಬದಲಿಸಿ, ನೀರಿನ ಬಟ್ಟಲು ಕಳಚಿ ಒರೆಸಿ, ಟ್ಯಾಂಕು ತುಂಬ ಬಿಳಿ ಹಾಕಿದರೆ ಉಳಿಯುವುದು ಲೀಟರಿಗೆ 0.0014ರ ಸುತ್ತ. 10 ಗ್ಯಾಲನ್‌ನಲ್ಲಿ ಎರಡು ಸಲ ತೊಳೆದು ಆಗುವ ಕೆಲಸ ಮೂರು ಟ್ಯಾಂಕು ಬಿಳಿ ಡೀಸೆಲ್ ಸುಟ್ಟರೂ ಆಗುವುದಿಲ್ಲ. ಫಿಲ್ಟರನ್ನು ಮೊದಲೇ ಬದಲಿಸಿದರೆ ಹೊಸದರಲ್ಲೂ ಬಣ್ಣ ಸೇರುತ್ತದೆ, ಆದ್ದರಿಂದ ಕೊನೆಗೆ.

ತೆಗೆದ ಡೀಸೆಲ್ ಕೊಳೆಯಿಲ್ಲದಿದ್ದರೆ ಟ್ರ್ಯಾಕ್ಟರಿಗೆ ಹೋಗಬಹುದು, ಬಿಳಿ ಟ್ಯಾಂಕಿಗೆ ಮಾತ್ರ ಒಂದು ಹನಿಯೂ ಬೇಡ. ಬಿಳಿ ಕಾಗದದ ಮುಂದೆ ಗಾಜಿನ ಸೀಸೆ ಹಿಡಿದು ಮಾದರಿ ನೋಡಿ, ದಿನಾಂಕ ಬರೆದು, ಫಿಲ್ಟರ್ ಕೊಂಡ ರಸೀದಿ ಜೊತೆಗಿಡಬೇಕು. ತಪಾಸಣೆಗೆ ನಿಲ್ಲಿಸಿದ ಮೇಲೆ ಈ ಯಾವುದಕ್ಕೂ ಅವಕಾಶ ಇರುವುದಿಲ್ಲ.

ಒಂದೇ ಹೋಸು, ಎರಡು ಟ್ಯಾಂಕು

ಈ ಜಮೀನಿನಲ್ಲಿ ಇನ್ನೊಂದು ದೋಷ ಇತ್ತು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎರಡೂ ಟ್ಯಾಂಕಿಗೆ ಒಂದೇ ಪಂಪು, ಒಂದೇ ಹೋಸು. ವಾಲ್ವ್ ತಿರುಗಿಸಿ ಬದಲಿಸಿಕೊಳ್ಳುತ್ತಿದ್ದರು. ಒಂದು ಇಂಚು ಒಳವ್ಯಾಸದ 20 ಅಡಿ ಹೋಸಿನೊಳಗೆ ಸುಮಾರು 0.8 ಗ್ಯಾಲನ್ ನಿಂತಿರುತ್ತದೆ. ಕಂಬೈನ್‌ಗೆ ಹಾಕಿ ಬಂದು ಪಿಕಪ್ಪಿಗೆ ತುಂಬಿಸಿದರೆ ಮೊದಲ 0.8 ಗ್ಯಾಲನ್ ಕೆಂಪೇ. 26 ಗ್ಯಾಲನ್ ಟ್ಯಾಂಕಿನಲ್ಲಿ ಅದು ಲೀಟರಿಗೆ 0.34 ಮಿಲಿಗ್ರಾಂ ಆಗುತ್ತದೆ. ಯಾವ ದುರುದ್ದೇಶವೂ ಇಲ್ಲದೆ ದಿನದಿನವೂ ಪಿಕಪ್ಪು ಗುಲಾಬಿಯಾಗುತ್ತದೆ. ಪ್ರತ್ಯೇಕ ಪಂಪು, ಪ್ರತ್ಯೇಕ ಹೋಸು, ಬೇರೆ ಬಣ್ಣದ ನಳಿಕೆ ಇದಕ್ಕೆ ಉತ್ತರ. ಸರಬರಾಜಿನ ಟ್ಯಾಂಕರ್ ಎರಡೂ ತಂದಾಗ ಬಿಳಿಯನ್ನು ಮೊದಲು ಇಳಿಸಿಕೊಳ್ಳಬೇಕು, ಕೆಂಪನ್ನು ಆಮೇಲೆ. ಕಾರಣ ಅದೇ ಹೋಸು.

ಕೆಂಪು ಡೀಸೆಲ್ ಮಾರುವ ಪಂಪಿನ ಮೇಲೆ ಇದು ಬಣ್ಣ ಹಾಕಿದ್ದು, ತೆರಿಗೆ ಬೀಳದ ಬಳಕೆಗೆ ಮಾತ್ರ, ತೆರಿಗೆ ಬೀಳುವ ಬಳಕೆಗೆ ದಂಡ ಎಂಬ ಸೂಚನೆ ಕಡ್ಡಾಯ. ಸ್ವಂತಕ್ಕೆ ಇಟ್ಟುಕೊಂಡ ಟ್ಯಾಂಕಿಗೂ ಅದನ್ನೇ ಅಂಟಿಸುವುದು ಒಳ್ಳೆಯದು, ಕೆಲಸಗಾರರು ಓದುವ ಭಾಷೆಯಲ್ಲಿ. ಟೆಕ್ಸಾಸ್ ಜಮೀನುಗಳಲ್ಲಿ ಅದು ಬಹಳ ಸಲ ಸ್ಪ್ಯಾನಿಷ್.

ಪಿಕಪ್ಪಿಗೆ ಸರಿಯಾದ ದಾರಿ

ಹೊಲದಲ್ಲೂ ರಸ್ತೆಯಲ್ಲೂ ಓಡುವ ಪಿಕಪ್ಪಿನಲ್ಲಿ ರೈತ ತೆರಿಗೆ ಕಳೆದುಕೊಳ್ಳಲೇಬೇಕೆ? ಬೇಡ. ಬಿಳಿ ಡೀಸೆಲ್ ಹಾಕಿ, ಹೊಲದೊಳಗೆ ಕೃಷಿ ಕೆಲಸಕ್ಕೆ ಸುಟ್ಟ ಪಾಲಿನ ತೆರಿಗೆಯನ್ನು ವರ್ಷದ ಆದಾಯ ತೆರಿಗೆ ವಿವರದ ಜೊತೆ ಫಾರ್ಮ್ 4136 ಎಂಬ ನಮೂನೆಯಲ್ಲಿ ಕೇಳಬಹುದು. ಗ್ಯಾಲನ್‌ಗೆ 24.3 ಸೆಂಟ್ ಸಿಗುತ್ತದೆ, ಕೃಷಿ ಬಳಕೆಯ ಸಂಕೇತ ಸಂಖ್ಯೆ 1. ಎರಡು ಪಿಕಪ್ಪು ಸೇರಿ ವರ್ಷಕ್ಕೆ 1,400 ಗ್ಯಾಲನ್, ಅದರಲ್ಲಿ ನೂರಕ್ಕೆ 40 ಹೊಲದೊಳಗೆ ಎಂದರೆ 560 ಗ್ಯಾಲನ್, 136 ಡಾಲರ್ 8 ಸೆಂಟ್. ದೊಡ್ಡ ಮೊತ್ತವಲ್ಲ, ಆದರೆ ಆ 1,000 ಡಾಲರಿಗಿಂತ ನೆಮ್ಮದಿಯದು. ಟ್ಯಾಂಕು ತೊಳೆದ 10 ಗ್ಯಾಲನ್ ಬಿಳಿ ಡೀಸೆಲ್ ಟ್ರ್ಯಾಕ್ಟರಿಗೆ ಹೋಗಿದ್ದರೆ ಅದಕ್ಕೂ 2 ಡಾಲರ್ 43 ಸೆಂಟ್ ಕೇಳಬಹುದು!

ಎಚ್ಚರ ಬೇಕಾದದ್ದು ಎಣಿಕೆಯಲ್ಲಿ. ಬೆಳೆ, ಮೇವು, ಗೊಬ್ಬರ ಸಾಗಿಸಿದರೂ ರಸ್ತೆಯಲ್ಲಿ ಓಡಿದ್ದು ಕೃಷಿ ಬಳಕೆಯಲ್ಲ. ಆದ್ದರಿಂದ ವಾಹನಕ್ಕೊಂದು ಪುಸ್ತಕ: ದಿನಾಂಕ, ಓಡಿದ ಮೈಲಿ, ಹೊಲದೊಳಗಿನ ಮೈಲಿ, ತುಂಬಿದ ಗ್ಯಾಲನ್, ಬಿಲ್ಲಿನ ಸಂಖ್ಯೆ. ಡೀಸೆಲ್ ಖರ್ಚನ್ನು ತೆರಿಗೆ ಸಮೇತ ಆದಾಯದಿಂದ ಕಳೆದು ತೋರಿಸಿದ್ದರೆ ವಾಪಸು ಬಂದ ಮೊತ್ತವನ್ನು ಆದಾಯಕ್ಕೆ ಸೇರಿಸಬೇಕು. ಕೆಂಪು ಡೀಸೆಲ್‌ಗೆ ಈ ಮರುಪಾವತಿ ಇಲ್ಲ, ಕಟ್ಟದ ತೆರಿಗೆ ವಾಪಸು ಬರುವುದೆಲ್ಲಿಂದ?

ಕಾಳಿನ ಟ್ರಕ್ಕಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದರ ಎಂಜಿನ್ನಿನಿಂದಲೇ ಶಕ್ತಿ ಪಡೆದು ಕಾಳು ಇಳಿಸುವ ಯಂತ್ರ ತಿರುಗುತ್ತದೆ. ನಿಂತಲ್ಲೇ ಒಂದು ಗಂಟೆ ತಿರುಗಿದರೂ ಆ ಡೀಸೆಲ್‌ಗೆ ಕೇಂದ್ರ ತೆರಿಗೆ ವಾಪಸು ಸಿಗುವುದಿಲ್ಲ. ವಾಹನ ಓಡಿಸುವ ಎಂಜಿನ್ನೇ ಉಪಕರಣ ತಿರುಗಿಸಿದರೆ ಪೂರ್ತಿ ಡೀಸೆಲ್ ರಸ್ತೆ ಬಳಕೆಯೇ. ಉಪಕರಣಕ್ಕೆ ಬೇರೆ ಎಂಜಿನ್ ಇದ್ದು ಅದೇ ಟ್ಯಾಂಕಿನಿಂದ ಕುಡಿದರೆ ನ್ಯಾಯವಾದ ಅಂದಾಜಿನ ಮೇಲೆ ಆ ಪಾಲು ಕೇಳಬಹುದು. ಎಂಜಿನ್ನೂ ಟ್ಯಾಂಕೂ ಎರಡೂ ಬೇರೆ ಇದ್ದರೆ, ಶೀತಲ ಟ್ರೈಲರಿನ ತಂಪು ಯಂತ್ರದಂತೆ, ಆ ಟ್ಯಾಂಕಿಗೆ ಕೆಂಪನ್ನೇ ಹಾಕಬಹುದು.

ಬಣ್ಣ ಬಂದದ್ದು, ಬಣ್ಣ ಬಿಡುವುದು

1993ರ ಅಕ್ಟೋಬರಿನಲ್ಲಿ ರಸ್ತೆ ಡೀಸೆಲ್‌ನ ಗಂಧಕದ ಮಿತಿ 500 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 500 ಭಾಗಕ್ಕೆ) ಇಳಿದಾಗ ಹೆಚ್ಚು ಗಂಧಕದ ಡೀಸೆಲ್‌ಗೆ ಪರಿಸರ ಇಲಾಖೆ ಮೊದಲು ಆರಿಸಿದ್ದು ನೀಲಿ ಬಣ್ಣ. ಸಣ್ಣ ವಿಮಾನಗಳ ಪೆಟ್ರೋಲೂ ನೀಲಿ, ಗುರುತು ತಪ್ಪಿದರೆ ಅನಾಹುತ ಎಂದು ಅದು ಕೆಂಪಾಯಿತು. ತೆರಿಗೆಯ ಬಣ್ಣದ ನಿಯಮ 1994ರ ಜನವರಿಯಿಂದ. ಇಂದು ಹೊಲದ ಡೀಸೆಲ್‌ಗೂ 15 ಪಿಪಿಎಂ ಮಿತಿ ಇರುವುದರಿಂದ ಎರಡರಲ್ಲಿ ಬಣ್ಣ ಮತ್ತು ತೆರಿಗೆ ಬಿಟ್ಟರೆ ಹೆಚ್ಚಿನ ವ್ಯತ್ಯಾಸವಿಲ್ಲ. ಕೆಂಪು ಹಾಕಿದರೆ ಎಂಜಿನ್ ಕೆಡುತ್ತದೆ ಎಂಬ ಹೆದರಿಕೆ ಹಳೆಯ ಕಾಲದ್ದು.

ಕರ್ನಾಟಕದ ಕರಾವಳಿಯಲ್ಲಿ ಮೀನುಗಾರಿಕೆ ದೋಣಿಗಳಿಗೆ ಕೊಡುವ ಕರರಹಿತ ಡೀಸೆಲ್ ಇದಕ್ಕೆ ಹತ್ತಿರದ ಸಂಬಂಧಿ. ಆದರೆ ಅಲ್ಲಿ ಕಾವಲು ಬಣ್ಣದ್ದಲ್ಲ, ದೋಣಿಗೆ ನಿಗದಿಯಾದ ಕೋಟಾ ಮತ್ತು ಖಾತೆಯದ್ದು. ಡೀಸೆಲ್ ಬಂಕಿನಿಂದ ಆಚೆ ಹೋದ ಮೇಲೆ ಟ್ಯಾಂಕು ನೋಡಿ ಹೇಳುವುದು ಕಷ್ಟ. ಬಣ್ಣದ ಪದ್ಧತಿಯಲ್ಲಿ ಪ್ರಾಮಾಣಿಕನಿಗೂ ಹೋಸಿನ 0.8 ಗ್ಯಾಲನ್ ಕಾಟ ಇದೆ, ಆದರೆ ಪುಸ್ತಕ ತಿದ್ದಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇಂಥ ಖಾಸಗಿ ಪಿಕಪ್ಪು ಕೆಂಪು ಡೀಸೆಲ್ ಹಾಕಿಕೊಂಡು ರಸ್ತೆಗೆ ಇಳಿಯಲು ಅನುಮತಿ ಸಿಗುವುದು ವಿಪತ್ತಿನಲ್ಲಿ ಮಾತ್ರ. 2005ರ ಕತ್ರಿನಾ, 2012ರ ಸ್ಯಾಂಡಿ, 2017ರಲ್ಲಿ ಟೆಕ್ಸಾಸ್‌ಗೇ ಅಪ್ಪಳಿಸಿದ ಹಾರ್ವೆ ಚಂಡಮಾರುತಗಳ ಹೊತ್ತಿಗೆ ಬಿಳಿ ಡೀಸೆಲ್ ಸಿಗದಾದಾಗ ಐಆರ್‌ಎಸ್ ಇಂತಿಷ್ಟು ದಿನ, ಇಂಥ ಪ್ರದೇಶ ಎಂದು ದಂಡ ಕೈಬಿಟ್ಟಿತು. ಆಗಲೂ 24.4 ಸೆಂಟ್ ತೆರಿಗೆ ಕಟ್ಟಲೇಬೇಕಿತ್ತು. ರಾಜ್ಯದ ವಿನಾಯಿತಿ ಬೇರೆಯಾಗಿ ಬರಬೇಕು. ಗಡುವು ಮುಗಿದ ಮೇಲೆ ಟ್ಯಾಂಕಿನ ತಳದಲ್ಲಿ ಉಳಿದ ಗುಲಾಬಿಗೆ ರಸೀದಿಯೊಂದೇ ಉತ್ತರವಾದ್ದರಿಂದ ಆ ದಿನಗಳ ಬಿಲ್ಲುಗಳನ್ನು ಗಾಡಿಯಲ್ಲೇ ಇಟ್ಟುಕೊಂಡಿರಬೇಕು.